ಕಂದೀಲಿನ ಗಾಜು

ನಮ್ಮ ತೆಂಗಳಿಯಿಂದ ಮಳಖೇಡ ದೂರವೇನಲ್ಲ. ಪರಊರಿನಿಂದ ನೆಂಟರು ಬಂದಾಗ ಅವರನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯುವುದು ನಮ್ಮ ಮನೆಯ ಹಳೆಯ ವಾಡಿಕೆ. ಕಾಗಿಣಾ ನದಿಯ ದಂಡೆ, ಶಿಥಿಲವಾದ ಕೋಟೆ, ನೇಮಿನಾಥ ಬಸದಿ ಇವನ್ನೆಲ್ಲ ತೋರಿಸಿ, ಇದೇ ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗನ ಆಸ್ಥಾನದ ಶ್ರೀವಿಜಯನು ‘ಕವಿರಾಜಮಾರ್ಗ’ವನ್ನು ರಚಿಸಿದ್ದು ಈ ದೊರೆಯ ಆಶ್ರಯದಲ್ಲಿಯೇ ಎಂದು ಹೇಳುವಾಗ ನನ್ನ ಧ್ವನಿ ಸ್ವಲ್ಪ ಏರುತ್ತದೆ ಎಂದು ಮನೆಯವರು ನಗುತ್ತಾರೆ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಕಲಿಸಿದವನಿಗೆ ಇಷ್ಟು ಅಭಿಮಾನ ಸಹಜವೆಂದು ಓದುಗರು ಕ್ಷಮಿಸಬೇಕು.

ಆದರೆ ಆ ಊರಿಗೆ ಸೇರಿದ ಇನ್ನೊಂದು ಸಂಗತಿಯನ್ನು ನಾನು ನೆಂಟರಿಗೆ ಎಂದೂ ಹೇಳಿದವನಲ್ಲ. ಹತ್ತನೆಯ ಶತಮಾನದಲ್ಲಿ ಪುಷ್ಪದಂತನೆಂಬ ಕವಿ ಅದೇ ಮಾನ್ಯಖೇಟದಲ್ಲಿದ್ದುಕೊಂಡು ಅಪಭ್ರಂಶ ಭಾಷೆಯಲ್ಲಿ ‘ಜಸಹರಚರಿಉ’ ಎಂಬ ಕಾವ್ಯವನ್ನು ಬರೆದ. ಜಸಹರನೆಂದರೆ ಯಶೋಧರ. ಅರಮನೆಯ ಶಯ್ಯೆಯಿಂದ ನಡುರಾತ್ರಿಯಲ್ಲಿ ಎದ್ದು, ಕುರೂಪಿಯೊಬ್ಬನ ಬಳಿಗೆ ಕತ್ತಲೆಯಲ್ಲಿ ನಡೆದುಹೋದ ರಾಣಿಯ ಕಥೆ ಅದು. ಅದೇ ಕಾಲದಲ್ಲಿ, ಕ್ರಿ.ಶ. 959ರಲ್ಲಿ, ಸೋಮದೇವಸೂರಿಯು ಸಂಸ್ಕೃತದಲ್ಲಿ ‘ಯಶಸ್ತಿಲಕ’ ಚಂಪುವನ್ನು ಮುಗಿಸಿದ. ಮುಂದೆ ವಾದಿರಾಜ ಬರೆದ. ಕನ್ನಡಕ್ಕೆ ಅದನ್ನು ತಂದವನು ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನ. ಅವನ ‘ಯಶೋಧರ ಚರಿತೆ’ 1209ರದು. ಹೀಗೆ ಮತ್ತೆ ಮತ್ತೆ ಹೇಳಲ್ಪಟ್ಟ ಕಥೆಯೊಂದು ನಮ್ಮ ಸೀಮೆಯಲ್ಲಿಯೂ ಹುಟ್ಟು ಪಡೆದಿತ್ತೆಂಬುದನ್ನು ನಾನು ನೆಂಟರಿಗೆ ಏಕೆ ಹೇಳುತ್ತಿರಲಿಲ್ಲ? ಹೆಂಗಸರು ಮಕ್ಕಳು ಜೊತೆಯಲ್ಲಿರುತ್ತಾರೆ ಎಂಬುದು ನಾನು ನನಗೇ ಕೊಟ್ಟುಕೊಳ್ಳುತ್ತಿದ್ದ ಉತ್ತರ. ನಿಜವಾದ ಉತ್ತರ ಬೇರೆ ಇದೆ. ಅದನ್ನು ಇಂದು ಬರೆಯಬೇಕೆಂದು ಕುಳಿತಿದ್ದೇನೆ.

1983ನೆಯ ಇಸವಿ. ಆಗ ನಾನು ಸೇಡಂ ಕಡೆಯ ಒಂದು ಊರಿನ ಪ್ರೌಢಶಾಲೆಯಲ್ಲಿದ್ದೆ. ಮದುವೆಯಾಗಿ ಕೆಲವು ವರ್ಷಗಳಾಗಿದ್ದವು. ಕೆಲಸದ ಜೊತೆಗೇ ಖಾಸಗಿಯಾಗಿ ಎಂ.ಎ. ಪರೀಕ್ಷೆಗೆ ಕಟ್ಟಿದ್ದೆ. ನಾವು ಬಾಡಿಗೆಗಿದ್ದ ಮನೆಯ ಅಂಗಳದ ಆಚೆಗೆ ಒಂದೇ ಕೋಣೆಯ ಪುಟ್ಟ ಮನೆಯಿತ್ತು. ಅಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಒಂಟಿಯಾಗಿ ಇದ್ದರು. ಗಣಿತ ಕಲಿಸುತ್ತಿದ್ದರು. ಅವರ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಆದ್ದರಿಂದ ಅವರನ್ನು ಇಲ್ಲಿ ‘ಗೆಳೆಯರು’ ಎಂದೇ ಕರೆಯುತ್ತೇನೆ. ನಮ್ಮ ಭಾಗದ ಹಿರಿಯರಂತೆ ಅವರಿಗೂ ಉರ್ದು ಚೆನ್ನಾಗಿ ಬರುತ್ತಿತ್ತು. ಮನೆಯಲ್ಲಿ ಗಣಿತದ ಪುಸ್ತಕಗಳಿಗಿಂತ ಉರ್ದು, ಕನ್ನಡ ಕಥಾಸಂಕಲನಗಳೇ ಹೆಚ್ಚು. ವಾರದಲ್ಲಿ ನಾಲ್ಕು ದಿನವಾದರೂ ರಾತ್ರಿಯ ಊಟ ನಮ್ಮಲ್ಲಿಯೇ. ನನ್ನ ಹೆಂಡತಿ ಅವರನ್ನು ‘ಅಣ್ಣಾರು’ ಎನ್ನುತ್ತಿದ್ದಳು. ಅವರು ಬರುವ ಹೊತ್ತಿಗೆ ಸರಿಯಾಗಿ ಒಲೆಯ ಮೇಲೆ ರೊಟ್ಟಿ ಉಬ್ಬುತ್ತಿತ್ತು.

ಊಟದ ಅನಂತರ ಅಂಗಳದ ಪರ್ಸಿ ಕಲ್ಲಿನ ಕಟ್ಟೆಯ ಮೇಲೆ ನಾನು ಪರೀಕ್ಷೆಯ ಪಠ್ಯವನ್ನು ಗಟ್ಟಿಯಾಗಿ ಓದುವುದು, ಅವರು ಕೇಳುವುದು ರೂಢಿಯಾಯಿತು. ಒಬ್ಬರಿಗೆ ವಿವರಿಸಿದರೆ ನನಗೂ ನೆನಪಿನಲ್ಲಿ ಉಳಿಯುತ್ತದೆ ಎಂಬ ಸ್ವಾರ್ಥ ನನ್ನದು. ಹಾಗೆ ಪಂಪನ ಕೆಲವು ಭಾಗಗಳು ಆದವು, ರನ್ನ ಆಯಿತು, ಜನ್ನನ ಸರದಿ ಬಂತು.

ಯಶೋಧರನ ಕಥೆಯನ್ನು ಬಲ್ಲವರು ಮನ್ನಿಸಿ. ಮರೆತವರಿಗಾಗಿ ಎರಡು ಮಾತು. ಅರಸ ಯಶೋಧರ ಮತ್ತು ರಾಣಿ ಅಮೃತಮತಿ ಒಬ್ಬರನ್ನೊಬ್ಬರು ಮೆಚ್ಚಿದ ದಂಪತಿಗಳು. ಒಂದು ರಾತ್ರಿ ಗಜಶಾಲೆಯ ಕಡೆಯಿಂದ ಮಾವುತನೊಬ್ಬನ ಹಾಡು ತೇಲಿಬರುತ್ತದೆ. ರಾಣಿಗೆ ನಿದ್ದೆ ಹಾರಿಹೋಗುತ್ತದೆ. ಹಾಡಿದವನನ್ನು ನೋಡಿ ಬರಲು ಸಖಿಯನ್ನು ಕಳುಹಿಸುತ್ತಾಳೆ. ಸಖಿ ಹೋಗಿ ನೋಡಿದರೆ ಅವನು ಅಷ್ಟಾವಂಕ, ಅಂಗಾಂಗವೆಲ್ಲ ಸೊಟ್ಟಗಾದವನು. ಅವಳು ಹೇಸಿಕೊಂಡು ಬಂದು ವರದಿ ಮಾಡುತ್ತಾಳೆ. ಅಮೃತಮತಿ ಹಿಂಜರಿಯುವುದಿಲ್ಲ. ಒಲಿದ ಮೇಲೆ ರೂಪದ ಮಾತೇಕೆ ಎಂಬುದು ಅವಳ ವಾದ. ಒಂದು ರಾತ್ರಿ ತಡವಾಗಿ ಹೋದದ್ದಕ್ಕೆ ಅವನು ಹೊಡೆದರೂ ಅವಳು ಅವನನ್ನೇ ಓಲೈಸುತ್ತಾಳೆ. ಬೆನ್ನಟ್ಟಿ ಬಂದ ಅರಸ ಇದನ್ನು ಕಂಡು ಕತ್ತಿಗೆ ಕೈ ಹಾಕಿ, ತಡೆದುಕೊಂಡು ಹಿಂತಿರುಗುತ್ತಾನೆ. ಆಮೇಲೆ ಹಿಟ್ಟಿನ ಕೋಳಿಯ ಬಲಿ, ರಾಣಿಯಿಕ್ಕಿದ ವಿಷದಿಂದ ತಾಯಿ ಮಗನ ಸಾವು, ಅವರ ಜನ್ಮಾಂತರಗಳು. ಸಂಕಲ್ಪದಿಂದ ಮಾಡಿದ ಹಿಂಸೆಯೂ ಹಿಂಸೆಯೇ ಎಂಬುದು ಕಾವ್ಯದ ಗುರಿ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕಕ್ಕೆ ಈ ಕಥೆಯನ್ನೇ ಆಧಾರವಾಗಿಸಿಕೊಂಡದ್ದು ಅನೇಕರಿಗೆ ಗೊತ್ತಿರಬಹುದು.

ಆ ಭಾಗವನ್ನು ಓದುವಾಗ ನಾನು ಒಂದಿಷ್ಟು ಪದ್ಯಗಳನ್ನು ದಾಟಿಸಿ ಮುಂದಕ್ಕೆ ಹೋದೆ. ಪರೀಕ್ಷೆಗೆ ಬೇಕಾದ ಪ್ರಶ್ನೆ ಅಹಿಂಸೆಯ ಕುರಿತಾದದ್ದು; ರಾಣಿಯ ವಿಚಾರಕ್ಕೆ ‘ಕಾಮದ ಕುರುಡುತನ’ ಎಂಬ ಒಂದು ಶೀರ್ಷಿಕೆ ಸಾಕು ಎಂದು ನನ್ನ ಟಿಪ್ಪಣಿಯಲ್ಲಿ ಬರೆದಿತ್ತು. ಗೆಳೆಯರು ತಡೆದರು.

“ಸರ್, ನಡುವೆ ಬಿಟ್ರಿ. ಹಿಂದಕ ಹೋಗ್ರಿ.”

ಹೋದೆ. ಎಲ್ಲವನ್ನೂ ಓದಿ ಅರ್ಥ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: “ಆಕಿಗಿ ಅಂವ ಯಾಕ ಸೇರಿದ ಅಂತ ಕವಿ ಹೇಳ್ಯಾನೇನ್ರಿ?”

“ಹಾಡು ಕೇಳಿ ಸೋತಳು, ಅಷ್ಟೇ. ಕಾರಣ ಹೇಳಿಲ್ಲ” ಎಂದೆ. ಆಮೇಲೆ ಯಾವ ಪುಣ್ಯದಿಂದಲೋ ಒಂದು ಮಾತನ್ನು ಸೇರಿಸಿದೆ: ಜನ್ನನು ಅವಳನ್ನು ಖಂಡಿಸುವುದಕ್ಕೆಂದೇ ಹೊರಟವನು, ಆದರೂ ಸಖಿಯ ಹೇಸಿಗೆಯ ಮಾತಿಗೆ ಅಲ್ಲಿಯೇ ಗೆಲುವು ಕೊಡಲಿಲ್ಲ, ರಾಣಿಯ ಬಾಯಿಂದ ಅದಕ್ಕೆ ಉತ್ತರ ಕೊಡಿಸಿದ, ಆ ಉತ್ತರ ಎಷ್ಟು ಚೆನ್ನಾಗಿದೆಯೆಂದರೆ ಓದುಗ ಒಂದು ಕ್ಷಣ ಅವಳ ಪಕ್ಷಕ್ಕೆ ಹೋಗಿಬಿಡುತ್ತಾನೆ. ಇದು ಪರೀಕ್ಷೆಯಲ್ಲಿ ಬರೆದರೆ ಅಂಕ ಬರುವ ಮಾತೆಂದು ನನಗೆ ಅನ್ನಿಸಿತ್ತು, ಅಷ್ಟೇ. ಗೆಳೆಯರು ಅದನ್ನು ಬೇರೆ ರೀತಿಯಲ್ಲಿ ಕೇಳಿಸಿಕೊಂಡರೆಂದು ತಿಳಿಯಲು ನನಗೆ ಎಂಟು ದಿನ ಬೇಕಾಯಿತು.

ಎಂಟು ದಿನದ ಮೇಲೆ ಶಾಲೆ ಬಿಟ್ಟು ಬರುವ ದಾರಿಯಲ್ಲಿ ಅವರು ಚೀಲದಿಂದ ಒಂದು ನೋಟ್‌ಬುಕ್ಕನ್ನು ತೆಗೆದು ಕೊಟ್ಟರು. ಗಣಿತದ ಚೌಕದ ಗೆರೆಗಳುಳ್ಳ ನೋಟ್‌ಬುಕ್ಕು. “ಒಂದು ಕಥಿ ಬರದೀನಿ. ಓದಿ ಹ್ಯಾಂಗದ ಹೇಳ್ರಿ” ಎಂದರು. ಮುಖದಲ್ಲಿ ಸಂಕೋಚವಿತ್ತು, ಮೊದಲ ಬಾರಿಗೆ ಬರೆದವರಿಗೆಲ್ಲ ಇರುವಂಥದು ಎಂದುಕೊಂಡೆ.

ಆ ಕಥೆಯನ್ನು ನಾನು ಒಂದೇ ಬಾರಿ ಓದಿದ್ದು. ಆದರೂ ಇಂದಿಗೂ ಬಹುಪಾಲು ನೆನಪಿದೆ. ವಾಡಿ ಜಂಕ್ಷನ್ನಿನಲ್ಲಿ ಕೆಲಸ ಮಾಡುವ ಇಬ್ಬರು ಗ್ಯಾಂಗ್‌ಮನ್‌ಗಳು. ಇಬ್ಬರಿಗೂ ಮೂವತ್ತರ ಆಸುಪಾಸು. ಒಂದೇ ಕ್ವಾರ್ಟರಿನಲ್ಲಿ ಆರು ವರ್ಷದಿಂದ ಇರುತ್ತಾರೆ. ಒಬ್ಬನಿಗೆ ಊರಿನಲ್ಲಿ ಮದುವೆ ನಿಶ್ಚಯವಾಗುತ್ತದೆ. ಇನ್ನೊಬ್ಬನು ಅವನ ಜೊತೆಗೆ ಗುಲ್ಬರ್ಗಕ್ಕೆ ಹೋಗಿ ಮದುವೆಯ ಬಟ್ಟೆ ಆರಿಸಿಕೊಡುತ್ತಾನೆ. ತನ್ನ ಉಳಿತಾಯದ ಹಣದಿಂದ ಅಂಗಿಯ ಬಟ್ಟೆಯನ್ನೂ ಕೊಡಿಸುತ್ತಾನೆ. ಹಿಂತಿರುಗಿದ ರಾತ್ರಿ ಕರೆಂಟು ಇರುವುದಿಲ್ಲ. ಅವನು ಕಂದೀಲಿನ ಗಾಜನ್ನು ಬೂದಿಯಿಂದ ತಿಕ್ಕಿ ಒರೆಸುತ್ತಾನೆ, ಬಹಳ ಹೊತ್ತು ಒರೆಸುತ್ತಾನೆ. ಬೆಳಕು ಬಂದಾಗ ಮತ್ತೊಬ್ಬನು ಹೊಸ ಅಂಗಿಯ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಹ್ಯಾಂಗ ಕಾಣಸ್ತದ ಎಂದು ಕೇಳುತ್ತಾನೆ. ಇವನು ಕೈ ಚಾಚಿ ಬಟ್ಟೆಯನ್ನು ಸರಿಮಾಡುತ್ತಾನೆ. ಕೈ ಅವನ ಹೆಗಲ ಮೇಲೆಯೇ ನಿಲ್ಲುತ್ತದೆ. ಮದುಮಗನಾಗುವವನೂ ಆ ಕೈಯನ್ನು ತೆಗೆಯುವುದಿಲ್ಲ. ಹೊರಗೆ ಗೂಡ್ಸ್ ಗಾಡಿ ಹಾದುಹೋಗುತ್ತದೆ. ಅದರ ಡಬ್ಬಿಗಳನ್ನು ಇಬ್ಬರೂ ಮನಸ್ಸಿನಲ್ಲಿಯೇ ಎಣಿಸುತ್ತಾರೆ. ಕಥೆ ಅಷ್ಟಕ್ಕೇ ಮುಗಿಯುತ್ತಿತ್ತು.

ಇಡೀ ಕಥೆಯಲ್ಲಿ ಮನೆಯವರ ಮುಂದೆ ಓದಲಾಗದ ಒಂದು ಪದವಿರಲಿಲ್ಲ. ಆದರೆ ಮುಗಿಸಿದಾಗ ನನ್ನ ಅಂಗೈ ಬೆವೆತಿತ್ತು. ಅವರಿಬ್ಬರ ನಡುವೆ ಇರುವುದು ಬರಿಯ ಗೆಳೆತನವಲ್ಲವೆಂದು ತಿಳಿಯದಿರಲು ಸಾಧ್ಯವೇ ಇರಲಿಲ್ಲ. ಅಂಥ ಸಂಬಂಧಕ್ಕೆ ಆ ಕಾಲದಲ್ಲಿ ನಮಗೆ ಗೊತ್ತಿದ್ದ ಪದಗಳೆಲ್ಲ ಬೈಗುಳಗಳೇ. ಓದಿದ ಕೂಡಲೆ ಆ ಬೈಗುಳಗಳು ನನ್ನ ತಲೆಯೊಳಗೆ ಸಾಲುಗಟ್ಟಿ ಬಂದವು. ನಾಳೆ ಯಾರಾದರೂ ಈ ನೋಟ್‌ಬುಕ್ಕನ್ನು ನೋಡಿದರೆ? ಬರೆದವರು ನಿತ್ಯ ಯಾರ ಮನೆಯಲ್ಲಿ ಊಟ ಮಾಡುತ್ತಾರೆ ಎಂಬ ಪ್ರಶ್ನೆ ಬಂದರೆ? ನನ್ನ ಮನಸ್ಸು ಗೆಳೆಯರ ಕ್ಷೇಮಕ್ಕಿಂತ ಮುಂಚೆ ನನ್ನ ಮಾನದ ಲೆಕ್ಕವನ್ನು ಹಾಕಿತೆಂಬುದನ್ನು ಇಂದು ಒಪ್ಪಿಕೊಳ್ಳಲೇಬೇಕು.

ಮರುದಿನ ಬೆಳಗ್ಗೆ ನಾನೇ ಅವರ ಕೋಣೆಗೆ ಹೋಗಿ ನೋಟ್‌ಬುಕ್ಕನ್ನು ಹಾಸಿಗೆಯ ಮೇಲೆ ಇಟ್ಟೆ. “ಇದನ್ನ ಹರದು ಒಲಿಗಿ ಹಾಕ್ರಿ. ಯಾರರ ನೋಡಿದ್ರ ನಿಮ್ಮ ನೌಕರಿ ಹೋಗ್ತದ” ಎಂದೆ.

ಅವರು ಗಡ್ಡ ಮಾಡಿಕೊಳ್ಳುತ್ತಿದ್ದರು. ಕನ್ನಡಿಯಿಂದ ಮುಖ ತಿರುಗಿಸದೆಯೇ, “ಅದು ಕಥಿ ರೀ ಸರ್” ಎಂದರು.

ನಾನು ಉತ್ತರ ಕೊಡದೆ ಹೊರಟು ಬಂದೆ. ಆ ರಾತ್ರಿ ಅವರು ಊಟಕ್ಕೆ ಬರಲಿಲ್ಲ. ಮರುರಾತ್ರಿಯೂ ಬರಲಿಲ್ಲ. ಮೂರನೆಯ ದಿನ ಹೆಂಡತಿ ಕೇಳಿದಳು: “ಅಣ್ಣಾರು ಯಾಕ ಬರವಲ್ರು? ನೀವೇನರ ಅಂದೀರೇನು?” ಪರೀಕ್ಷೆ ಹತ್ತಿರ ಬಂತು, ನಾನೇ ಬರಬೇಡಿ ಎಂದಿದ್ದೇನೆ ಎಂದು ಸುಳ್ಳು ಹೇಳಿದೆ. ಅವಳು ನಂಬಲಿಲ್ಲ. ಎರಡು ರೊಟ್ಟಿ, ಪುಂಡಿಪಲ್ಯೆಯನ್ನು ಬಟ್ಟಲಿನಲ್ಲಿ ಹಾಕಿ ತಾನೇ ಕೊಟ್ಟುಬಂದಳು. ಮುಂದಿನ ಬೇಸಿಗೆ ರಜೆಯಲ್ಲಿ ಗೆಳೆಯರು ಬೇರೆ ಜಿಲ್ಲೆಗೆ ವರ್ಗ ಮಾಡಿಸಿಕೊಂಡು ಹೋದರು. ದೀಪಾವಳಿಗೆ ಒಂದು ಕಾರ್ಡು ಬಂತು, ಹೆಂಡತಿಯ ಹೆಸರಿಗೆ. ನಾನು ಉತ್ತರ ಬರೆಯಬೇಕೆಂದುಕೊಂಡು ಬರೆಯಲಿಲ್ಲ. ನಾನು ಎಂ.ಎ. ಪಾಸಾದೆ. ಜನ್ನನ ಮೇಲೆ ಪ್ರಶ್ನೆ ಬಂದಿತ್ತು. ಗೆಳೆಯರ ಮುಂದೆ ಹೇಳಿದ್ದ ಆ ಮಾತನ್ನು ಬರೆದೆ.

ಇಷ್ಟು ಹಳೆಯ ಕಥೆ. ಇದನ್ನು ನಾನು ಮರೆತೇ ಹೋಗಿದ್ದೆನೆಂದರೆ ತಪ್ಪಾಗದು. ನಿವೃತ್ತಿಯಾದ ಮೇಲೆ, 2014ರಲ್ಲಿ, ಕಲಬುರಗಿಯ ಒಂದು ಪುಸ್ತಕದ ಅಂಗಡಿಯಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ ಕೈಗೆ ಬಂತು. ಅದು 2013ರಲ್ಲಿ ಪ್ರಕಟವಾದ ಪುಸ್ತಕ. ಬಳ್ಳಾರಿ ಜಿಲ್ಲೆಯ ಸಂಡೂರಿನವರಾದ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ಈ ಲೇಖಕರ ಪ್ರಬಂಧಗಳನ್ನು ನಾನು ಮೊದಲೇ ಮೆಚ್ಚಿ ಓದಿದ್ದೆ. ತಾಯಿಯ ಬಗ್ಗೆ ಅವರು ಬರೆದದ್ದನ್ನು ಓದಿ ಕಣ್ಣು ಒದ್ದೆ ಮಾಡಿಕೊಂಡವರಲ್ಲಿ ನಾನೂ ಒಬ್ಬ. ಆ ಹೆಸರಿನ ಭರವಸೆಯ ಮೇಲೆ ಪುಸ್ತಕವನ್ನು ಕೊಂಡು ತಂದೆ. ಒಳಗೆ ಏನಿದೆಯೆಂದು ತಿಳಿದಿರಲಿಲ್ಲ.

ಗಂಡಸನ್ನು ಪ್ರೀತಿಸುವ ಗಂಡಸು ಮೋಹನಸ್ವಾಮಿ. ಜೊತೆಯಲ್ಲಿ ಬಾಳಿದ ಕಾರ್ತಿಕನಿಗೆ ಹುಡುಗಿಯೊಬ್ಬಳೊಂದಿಗೆ ಮದುವೆ ನಿಶ್ಚಯವಾಗುತ್ತದೆ. ಅಲ್ಲಿಗೆ ಓದಿ ಪುಸ್ತಕವನ್ನು ಮುಚ್ಚಿದೆ. ವಾಡಿಯ ಕ್ವಾರ್ಟರು, ಬೂದಿಯಿಂದ ತಿಕ್ಕಿದ ಗಾಜು, ಹೆಗಲ ಮೇಲಿನ ಅಂಗಿ ಬಟ್ಟೆ ಎಲ್ಲವೂ ಮೂವತ್ತು ವರ್ಷದ ಆಚೆಯಿಂದ ಎದ್ದು ಬಂದವು. ಇದು ಕಾಕತಾಳೀಯವೆಂದು ನನಗೆ ಅನ್ನಿಸಲಿಲ್ಲ. ನಮ್ಮ ದೇಶದಲ್ಲಿ ಇಂಥ ಪ್ರೀತಿಗಳೆಲ್ಲ ಒಂದಲ್ಲ ಒಂದು ದಿನ ಬಂದು ನಿಲ್ಲುವುದು ಮದುವೆಯ ಚಪ್ಪರದ ಮುಂದೆಯೇ ಅಲ್ಲವೆ? ಯಾರು ಬರೆದರೂ ಆ ಚಪ್ಪರವನ್ನು ದಾಟಿಯೇ ಬರೆಯಬೇಕು.

ಆ ಪುಸ್ತಕವನ್ನು ಮೂರು ದಿನ ಓದಿದೆ. ಮುಜುಗರವಾಗಲಿಲ್ಲವೆಂದರೆ ಸುಳ್ಳಾದೀತು. ನನ್ನ ಗೆಳೆಯರು ಹೆಗಲ ಮೇಲೆ ನಿಲ್ಲಿಸಿದ್ದ ಕೈಯನ್ನು ವಸುಧೇಂದ್ರರು ನಿಲ್ಲಿಸುವುದಿಲ್ಲ. ದೇಹದ ಹಸಿವನ್ನು ಹೆಸರಿಟ್ಟು ಹೇಳುತ್ತಾರೆ. ಆದರೆ ನಾನು ಗಮನಿಸಿದ್ದು ಇನ್ನೊಂದು. ಆ ಕಥೆಗಳಲ್ಲಿ ಕಾಮಕ್ಕಿಂತ ಹೆಚ್ಚಾಗಿ ಇರುವುದು ಭಯ: ಶಾಲೆಯ ಅಂಗಳದ ಗೇಲಿಯ ಭಯ, ಮನೆಯವರ ಭಯ, ಬ್ಲ್ಯಾಕ್‌ಮೇಲಿನ ಭಯ, ದೇವರ ಮೇಲಿನ ಭಯ. ಮೋಹನಸ್ವಾಮಿ ಕೊನೆಗೆ ಆಫ್ರಿಕದ ಕಿಲಿಮಂಜಾರೋ ಪರ್ವತವನ್ನು ಹತ್ತುವಲ್ಲಿಗೆ ಬಂದಾಗ, ಆ ಭಯದ ಹೊರೆಯನ್ನು ಇಳಿಸಲು ಮನುಷ್ಯ ಅಷ್ಟು ಎತ್ತರಕ್ಕೆ ಹೋಗಬೇಕಾಯಿತೆ ಎಂದು ನನ್ನ ಎದೆ ಭಾರವಾಯಿತು. ಈ ಸರಣಿಯ ಮೊದಲ ಕಥೆಯನ್ನು ಲೇಖಕರು ಬೇರೊಂದು ಹೆಸರಿನಲ್ಲಿ ಪ್ರಕಟಿಸಿದ್ದರೆಂದು ಅನಂತರ ತಿಳಿಯಿತು. ಪುಸ್ತಕ ಬಂದ ಮೇಲೆ ತಮ್ಮ ಬಗ್ಗೆ ಅವರು ಬಹಿರಂಗವಾಗಿಯೇ ಹೇಳಿಕೊಂಡರು. ಅದು 2016ರಲ್ಲಿ ರಶ್ಮಿ ತೇರದಾಳರ ಅನುವಾದದಲ್ಲಿ ಇಂಗ್ಲಿಷಿಗೂ ಹೋಯಿತು. ಅಷ್ಟು ಹೆಸರು ಮಾಡಿದ ಲೇಖಕರಿಗೇ ಮೊದಲ ಹೆಜ್ಜೆಗೆ ಮುಸುಕು ಬೇಕಾಗಿತ್ತೆಂದ ಮೇಲೆ, 1983ರಲ್ಲಿ ಒಬ್ಬ ಹಳ್ಳಿಯ ಗಣಿತದ ಮಾಸ್ತರರು ತಮ್ಮ ಕೈಬರಹದಲ್ಲಿ, ತಮ್ಮ ಹೆಸರು ಬರೆದ ನೋಟ್‌ಬುಕ್ಕನ್ನು ನನ್ನ ಕೈಯಲ್ಲಿಟ್ಟದ್ದು ಎಂಥ ಧೈರ್ಯ! ಅದನ್ನು ನಾನು ಅಜಾಗರೂಕತೆ ಎಂದು ತಿಳಿದಿದ್ದೆ.

ಗೆಳೆಯರ ಉರ್ದು ಪುಸ್ತಕಗಳ ನಡುವೆ ಇಸ್ಮತ್ ಚುಗ್ತಾಯಿ ಅವರದೂ ಇತ್ತು. ಗಂಡನ ಅನಾದರಕ್ಕೆ ಗುರಿಯಾದ ಬೇಗಂ ಒಬ್ಬಳು ತನ್ನ ಸೇವಕಿಯಲ್ಲಿ ಸುಖ ಕಂಡುಕೊಳ್ಳುವ ‘ಲಿಹಾಫ್’ ಕಥೆ ಪ್ರಕಟವಾದದ್ದು 1942ರಲ್ಲಿ. ಅಶ್ಲೀಲವೆಂಬ ಆರೋಪದ ಮೇಲೆ ಚುಗ್ತಾಯಿ ಲಾಹೋರಿನ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಕ್ಷಮೆ ಕೇಳಿ ಮುಗಿಸಿಬಿಡಿ ಎಂದವರ ಮಾತನ್ನು ಅವರು ಕೇಳಲಿಲ್ಲ, ಮೊಕದ್ದಮೆ ಬಿದ್ದುಹೋಯಿತು. ಕಥೆಯಲ್ಲಿ ಅಶ್ಲೀಲವಾದ ಪದವನ್ನು ತೋರಿಸಿ ಎಂದರೆ ತೋರಿಸುವುದು ಯಾರಿಗೂ ಸುಲಭವಾಗಲಿಲ್ಲ. ನನ್ನ ಗೆಳೆಯರ ಕಥೆಯ ಮೇಲೂ ಒಂದು ಮೊಕದ್ದಮೆ ನಡೆಯಿತು. ಅದರಲ್ಲಿ ವಕೀಲರಿರಲಿಲ್ಲ, ಸಾಕ್ಷಿಗಳಿರಲಿಲ್ಲ, ನ್ಯಾಯಾಧೀಶ ನಾನೊಬ್ಬನೇ. ತೀರ್ಪಿಗೆ ಒಂದು ರಾತ್ರಿ ಸಾಕಾಯಿತು.

ಕಾನೂನಿನ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಶಹಾಬಾದದ ಪಕ್ಕದ ಮರತೂರು ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧ. ಧರ್ಮಶಾಸ್ತ್ರದ ವ್ಯಾಖ್ಯಾನಕಾರನೂ ಯಶೋಧರನ ಕವಿಯೂ ಒಂದೇ ಸೀಮೆಯಲ್ಲಿ ಬಾಳಿದವರು. ಆದರೆ ಈ ವಿಷಯದಲ್ಲಿ ನಮ್ಮನ್ನು ಬಹುಕಾಲ ಆಳಿದ ನಿಯಮ ಇವರಿಬ್ಬರದೂ ಅಲ್ಲ. ಬ್ರಿಟಿಷರು 1860ರಲ್ಲಿ ತಂದ ದಂಡಸಂಹಿತೆಯ 377ನೆಯ ಕಲಮು. 2009ರಲ್ಲಿ ದೆಹಲಿ ಹೈಕೋರ್ಟು, ಒಪ್ಪಿಗೆಯುಳ್ಳ ವಯಸ್ಕರ ಖಾಸಗಿ ಸಂಬಂಧಕ್ಕೆ ಅದು ಅನ್ವಯಿಸದು ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ‘ಮೋಹನಸ್ವಾಮಿ’ ಹೊರಬಂದದ್ದೂ ಅದೇ ವರ್ಷವೆಂಬುದನ್ನು ನೆನೆಯಬೇಕು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ಸಂಬಂಧ ಅಪರಾಧವಲ್ಲವೆಂದು ತೀರ್ಮಾನಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಮದುವೆಯ ಹಕ್ಕನ್ನು ಮಾತ್ರ ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಮಾನ್ಯ ಮಾಡಲಿಲ್ಲ.

2018ರ ಆ ಸಂಜೆ ನಾವಿಬ್ಬರೂ ಟಿ.ವಿ.ಯ ಮುಂದೆ ಕುಳಿತಿದ್ದೆವು. ಸುದ್ದಿ ಮುಗಿದ ಮೇಲೆ ಹೆಂಡತಿಗೆ ಮೊದಲ ಬಾರಿಗೆ ಆ ನೋಟ್‌ಬುಕ್ಕಿನ ಸಂಗತಿಯನ್ನು ಹೇಳಿದೆ. ಬೈದಾಳು ಎಂದುಕೊಂಡಿದ್ದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಅವ್ರು ಕೇಳಿದ್ದು ಕಥಿ ಹ್ಯಾಂಗದ ಅಂತ. ನೀವು ಹೇಳಿದ್ದೇನು?” ಎಂದಳು.

ನನಗೆ ಅದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಯಾವ ಪರೀಕ್ಷೆಯಲ್ಲಿಯೂ ಯಾರೂ ಕೇಳಿಲ್ಲ.

ನಿವೃತ್ತ ಶಿಕ್ಷಕರಿಂದ ಶಿಕ್ಷಕರಿಗೆ ವಿಚಾರಿಸುತ್ತ ಹೋಗಿ, ಕೆಲವು ತಿಂಗಳ ಮೇಲೆ ಅವರ ದೂರವಾಣಿ ಸಂಖ್ಯೆ ಸಿಕ್ಕಿತು. ಹೆಸರು ಹೇಳಿದ ಕೂಡಲೆ, “ಅಕ್ಕಾರು ಆರಾಮ ಇದ್ದಾರೇನ್ರಿ?” ಎಂದು ಕೇಳಿದರು. 2019ರ ಚಳಿಗಾಲದಲ್ಲಿ ಇಬ್ಬರೂ ಹೋದೆವು. ತಂಗಿಯ ಮಗನ ಮನೆಯ ಮಹಡಿಯ ಮೇಲೆ ಒಂದು ಕೋಣೆಯಲ್ಲಿ ಇದ್ದರು. ಮದುವೆಯಾಗಿರಲಿಲ್ಲ. ಕೂದಲು ಪೂರ್ತಿ ನರೆತಿತ್ತು; ಕಪಾಟಿನ ತುಂಬ ಅವೇ ಕಥಾಸಂಕಲನಗಳು. ಹೆಂಡತಿ ಬುತ್ತಿಯಲ್ಲಿ ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದಳು. ಮೂವರೂ ಕುಳಿತು ಉಂಡೆವು.

ಊಟದ ಅನಂತರ ‘ಮೋಹನಸ್ವಾಮಿ’ಯ ಪ್ರತಿಯೊಂದನ್ನು ಅವರ ಮುಂದೆ ಇಟ್ಟೆ. ಅವರು ನಕ್ಕರು. “ನನ್ನ ಹತ್ರ ಇತ್ತು, ಯಾರೋ ಒಯ್ದವರು ತಿರುಗಿ ಕೊಡಲಿಲ್ಲ. ಇರ್ಲಿ, ಇದನ್ನ ಕೊಡ್ರಿ” ಎಂದು ತೆಗೆದುಕೊಂಡರು. ಆಮೇಲೆ ನಾನು ಹೇಳಬೇಕೆಂದು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನು ಶುರುಮಾಡಿದೆ: ಅಂದು ನನಗೆ ತಿಳಿಯಲಿಲ್ಲ, ನಾನು ಅಂಜಿದೆ, ನಿಮ್ಮ ಬದುಕಿನ ಸಂಕಟವನ್ನು ನೀವು ನನ್ನ ಮುಂದೆ ತೋಡಿಕೊಂಡಾಗ...

ಅವರು ಕೈಯೆತ್ತಿ ತಡೆದರು. “ಅದು ಕಥಿ ರೀ ಸರ್. ನನ್ನ ಬದುಕು ಬ್ಯಾರೆ. ಅದನ್ನ ನಿಮಗ ನಾ ಯಾವತ್ತೂ ಹೇಳಿಲ್ಲ, ಈಗೂ ಹೇಳೂದಿಲ್ಲ. ಕಥಿ ಓದ್ರಿ ಅಂತ ಕೊಟ್ಟಿದ್ದೆ.”

ಆ ಮಾತನ್ನು ನಾನು ಇಂದಿಗೂ ಮೆಲುಕು ಹಾಕುತ್ತಿದ್ದೇನೆ. ಅಮೃತಮತಿಯ ಪದ್ಯಗಳನ್ನು ಓದಿ ಜನ್ನನಿಗೆ ಮಾವುತರ ಸಹವಾಸವಿತ್ತೇ ಎಂದು ನಾವು ಕೇಳುವುದಿಲ್ಲ. ಕೊಲೆಯ ಕಥೆ ಬರೆದವನನ್ನು ಕೊಲೆಗಡುಕನೆನ್ನುವುದಿಲ್ಲ. ಸಮಾಜ ಒಪ್ಪದ ಪ್ರೀತಿಯ ಕಥೆ ಎಂದ ಕೂಡಲೆ ಮಾತ್ರ ನಾವು ಕಥೆಯನ್ನು ಬದಿಗಿಟ್ಟು ಬರೆದವರ ಕೋಣೆಯೊಳಗೆ ಇಣುಕುತ್ತೇವೆ. ಮೊದಲ ಸಲ ನಾನು ಇಣುಕಿದ್ದು ಹೇಸಿಗೆಯಿಂದ. ಎರಡನೆಯ ಸಲ ಕನಿಕರದಿಂದ. ಇಣುಕುವುದು ಮಾತ್ರ ತಪ್ಪಲಿಲ್ಲ. ಕೆಲವರು ತಮ್ಮ ಬದುಕನ್ನು ತಾವಾಗಿಯೇ ಹೇಳಿಕೊಳ್ಳುತ್ತಾರೆ. ಅದು ಅವರ ಧೈರ್ಯ. ಕೆಲವರು ಹೇಳಿಕೊಳ್ಳುವುದಿಲ್ಲ, ಅದು ಅವರ ಹಕ್ಕು. ಎರಡರಲ್ಲಿಯೂ ಓದುಗನಿಗೆ ಕೊಟ್ಟದ್ದು ಕಥೆ ಮಾತ್ರ.

“ನೋಟ್‌ಬುಕ್ಕು ಏನಾಯಿತು?” ಎಂದು ಕೇಳಿದೆ.

“ಕಥಿ ಹಾಳಿ ನೀವು ಹೇಳಿದಂಗೇ ಒಲಿಗಿ ಹಾಕ್ದೆ. ಉಳದ ಹಾಳಿಯೊಳಗ ಹುಡುಗರಿಗಿ ಟೆಸ್ಟ್ ಬರಸ್ದೆ. ಮತ್ತ ಬರೀಲಿಲ್ಲ.” ಇದನ್ನು ಅವರು ಯಾವ ಕಹಿಯೂ ಇಲ್ಲದೆ, ಲೆಕ್ಕದ ಉತ್ತರದಂತೆ ಹೇಳಿದರು. ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿ ಕೇಳಿದರು: “ನಿಮಗ ನೆನಪದೇನ್ರಿ? ಹ್ಯಾಂಗಿತ್ತು?”

ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ತರಗತಿಯಲ್ಲಿ ಉತ್ತರಪತ್ರಿಕೆ ಹಂಚುವಾಗಿನಂತೆ ಹೇಳುತ್ತ ಹೋದೆ. ಮೊದಲ ಎರಡು ಮೂರು ಪುಟಗಳಲ್ಲಿ ರೈಲ್ವೆ ಯಾರ್ಡಿನ ವರ್ಣನೆ ಉದ್ದವಾಗಿತ್ತು, ಅದನ್ನು ಇಳಿಸಬೇಕಿತ್ತು ಎಂದೆ. ಗುಲ್ಬರ್ಗದ ಬಟ್ಟೆ ಅಂಗಡಿಯಲ್ಲಿ ಅವರಿಬ್ಬರ ಮಾತು ಬಹಳ ಸಹಜವಾಗಿತ್ತು ಎಂದೆ. ಗಾಜನ್ನು ಒರೆಸುವ ಜಾಗದಲ್ಲಿ ಅವನ ಮನಸ್ಸಿನಲ್ಲಿ ಏನಿದೆ ಎಂದು ನೀವು ಒಂದು ಮಾತೂ ಹೇಳದೆ, ಬರಿಯ ಕೈಯನ್ನು ತೋರಿಸಿದ್ದೀರಿ, ಅದು ಕಥೆಯ ಅತ್ಯುತ್ತಮ ಭಾಗ. ಮೂವತ್ತಾರು ವರ್ಷವಾದರೂ ಮರೆತಿಲ್ಲ ಎಂದೆ. ಕೊನೆಯಲ್ಲಿ ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸುವುದು ಸರಿಯಾಗಿದೆ. ಆದರೆ ಎಷ್ಟು ಡಬ್ಬಿ ಎಂದು ಅಂಕಿ ಹೇಳಿದ್ದಿರಿ, ಅದು ಬೇಕಿರಲಿಲ್ಲ ಎಂದೆ.

ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅಂಗಳದ ಕಟ್ಟೆಯ ಮೇಲೆ ಜನ್ನನನ್ನು ಕೇಳಿದ ಹಾಗೆಯೇ.

“ಮೊದಲಿನ ಪುಟ ಉದ್ದ ಆಗ್ಯಾವ ಅಂತ ನನಗೂ ಅನಸಿತ್ತು” ಎಂದರು. ಸ್ವಲ್ಪ ತಡೆದು, “ಆದ್ರ ಡಬ್ಬಿ ಅಂಕಿ ಇರ್ಬೇಕ್ರಿ. ಇಲ್ಲಂದ್ರ ಅಂವ ಎಣಿಸ್ದ ಅಂತ ಹ್ಯಾಂಗ ಗೊತ್ತಾಗ್ತದ?” ಎಂದರು.

ನಾವು ಅದರ ಮೇಲೆ ಒಂದು ಗಳಿಗೆ ವಾದ ಮಾಡಿದೆವು. ಅವರು ಒಪ್ಪಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಹೆಂಡತಿ ಎಬ್ಬಿಸಿದಳು.

ಇದನ್ನು ಬರೆಯಲೇ ಎಂದು ಕೇಳಿದಾಗ ಅವರು ಹಾಕಿದ ಷರತ್ತು ಹೆಸರು, ಊರು ಬರಬಾರದೆಂಬುದು ಒಂದೇ. ಕಥೆಯ ಸಾರಾಂಶ ಕೊಡಬಹುದೆ ಎಂದರೆ, ಕೊಡ್ರಿ, ಬೇಕಾದವರು ಬರಕೊಳ್ಳಲಿ ಎಂದರು. ಈಗಿನ ತರುಣರು ಇಂಥ ಕಥೆಗಳನ್ನು ಹೆಸರು ಹಾಕಿಯೇ ಬರೆಯುತ್ತಿದ್ದಾರೆ. ನನ್ನ ಓದುಗರಲ್ಲಿ ಬಹುಪಾಲು ನನ್ನಂತೆಯೇ ನಿವೃತ್ತ ಶಿಕ್ಷಕರು. ನಾಳೆ ನಿಮ್ಮ ಕೈಗೂ ಯಾರಾದರೂ ಸಂಕೋಚದಿಂದ ಒಂದು ನೋಟ್‌ಬುಕ್ಕನ್ನು ತಂದು ಕೊಟ್ಟರೆ, ದಯವಿಟ್ಟು ಪೂರ್ತಿ ಓದಿ, ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಡಿ. ಉದ್ದವಾಗಿದ್ದರೆ ಉದ್ದವಾಗಿದೆ ಎನ್ನಿ.

ಮಳಖೇಡಕ್ಕೆ ಈಗಲೂ ನೆಂಟರನ್ನು ಕರೆದೊಯ್ಯುತ್ತೇನೆ. ಕವಿರಾಜಮಾರ್ಗದ ಮಾತು ಮುಗಿದ ಮೇಲೆ ಪುಷ್ಪದಂತನ ಮಾತನ್ನೂ ಹೇಳುತ್ತೇನೆ. ನಡುರಾತ್ರಿ ಹಾಡು ಕೇಳಿ ಎದ್ದು ಕುಳಿತ ರಾಣಿಯ ಕಥೆಯನ್ನು ನಡುವೆ ಏನನ್ನೂ ಬಿಡದೆ ಹೇಳುತ್ತೇನೆ.